ಬಾಣಂತಿ ಕೋಣೆಗೆ ಬಂದ ಬಿಳಿ ಬೆಳಕು

ಹುಬ್ಬಳ್ಳಿ-ಧಾರವಾಡ ಸೀಮೆಯ ಹಳೆಯ ಮನೆಗಳಲ್ಲಿ ಬಾಣಂತಿ ಕೋಣೆಗೆ ರಾತ್ರಿ ಇದ್ದದ್ದು ಚಿಮಣಿ ಇಲ್ಲವೇ ಕಂದೀಲಿನ ಬೆಳಕು. ಮುಂದೆ ಭಾಗ್ಯಜ್ಯೋತಿಯ ಒಂದೇ ಬಲ್ಬು, ಆಮೇಲೆ ಟ್ಯೂಬ್‌ಲೈಟ್, 2015ರಿಂದ ಉಜಾಲಾ ಯೋಜನೆಯ ಎಲ್‌ಇಡಿ ಬಂದವು. ಈ ಬೆಳಕು ಬೇಡವಾಗಿತ್ತೆಂದು ಯಾರೂ ಹೇಳಲಾರರು; ಹೆರಿಗೆಯ ನಂತರದ ರಕ್ತಸ್ರಾವ ಕಣ್ಣಿಗೆ ಬೀಳಬೇಕಾದರೆ ಬೆಳಕು ಬೇಕೇ ಬೇಕು. ಆದರೆ ಯಾವ ಬಣ್ಣದ ಬೆಳಕು, ಎಷ್ಟು ಹೊತ್ತಿನವರೆಗೆ ಎಂಬ ಪ್ರಶ್ನೆ ಮಾತ್ರ ಹಿಂದೆಯೇ ಉಳಿಯಿತು.

ಕತ್ತಲಾದಾಗ ಸ್ರವಿಸಿ ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುವ ಹಾರ್ಮೋನಾದ ಮೆಲಟೋನಿನ್ ಪತ್ತೆಯಾದದ್ದು 1958ರಲ್ಲಿ. ಪ್ರಖರ ಬೆಳಕು ಮನುಷ್ಯರಲ್ಲಿ ಅದನ್ನು ತಗ್ಗಿಸುತ್ತದೆಂದು 1980ರಲ್ಲಿ ಗೊತ್ತಾಯಿತು. ಅಕ್ಷಿಪಟಲದಲ್ಲಿ ದೇಹಕ್ಕೆ ಹಗಲು-ರಾತ್ರಿಯ ಸುಳಿವು ಕೊಡುವ ಜೀವಕೋಶಗಳಿವೆ, ಅವು 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ ಎಂಬುದು 2002ರ ಹೊತ್ತಿಗೆ ಸ್ಪಷ್ಟವಾಯಿತು. ಹಳೆಯ ಬಲ್ಬಿಗಿಂತ ಬಿಳಿ ಎಲ್‌ಇಡಿಯಲ್ಲಿ ಈ ನೀಲಿಯ ಪಾಲು ಹೆಚ್ಚು.

ಗರ್ಭಿಣಿಯ ವಿಷಯದಲ್ಲಿ ಇದಕ್ಕೆ ಬೇರೆಯೇ ತೂಕವಿದೆ. ಹೊಟ್ಟೆಯಲ್ಲಿರುವ ಕೂಸು ತಾನೇ ಮೆಲಟೋನಿನ್ ತಯಾರಿಸುವುದಿಲ್ಲ. ತಾಯಿಯದು ಮಾಸು ದಾಟಿ ಒಳಗೆ ಹೋದಾಗಲೇ ಅದಕ್ಕೆ ರಾತ್ರಿಯಾದ ಸುದ್ದಿ ಮುಟ್ಟುತ್ತದೆ. ಗಬ್ಬದ ಇಲಿಗಳನ್ನು ನಿರಂತರ ಬೆಳಕಿನಲ್ಲಿಟ್ಟಾಗ ಭ್ರೂಣದ ಅಡ್ರಿನಲ್ ಗ್ರಂಥಿಯ (ಮೂತ್ರಪಿಂಡದ ಮೇಲಿನ ಹಾರ್ಮೋನು ಗ್ರಂಥಿ) ಹಗಲು-ರಾತ್ರಿಯ ಲಯ ತಪ್ಪಿತು, ತಾಯಿಗೆ ಹೊತ್ತಿಗೆ ಸರಿಯಾಗಿ ಮೆಲಟೋನಿನ್ ಕೊಟ್ಟಾಗ ಮರಳಿತು. ಮನುಷ್ಯರಲ್ಲಿ ಸಿಕ್ಕಿರುವುದು ಸಂಬಂಧದ ಸುಳಿವು: ಅಮೆರಿಕದ 741 ಗರ್ಭಿಣಿಯರನ್ನು ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಲಗುವ ಮುಂಚಿನ ಮೂರು ತಾಸು ಹೆಚ್ಚು ಬೆಳಕಿನಲ್ಲಿದ್ದವರಲ್ಲಿ ಗರ್ಭಾವಸ್ಥೆಯ ಮಧುಮೇಹ ಹೆಚ್ಚು ಕಂಡಿತು.

ಹೆರಿಗೆಯ ನಂತರವೂ ಈ ನಂಟು ಕಡಿಯುವುದಿಲ್ಲ. ರಾತ್ರಿಯ ಎದೆಹಾಲಿನಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೂಸಿನ ಸ್ವಂತ ಹಗಲು-ರಾತ್ರಿಯ ಲಯ ಕುದುರಲು ಸುಮಾರು ಮೂರು ತಿಂಗಳು ಬೇಕು.

ಗದಗ, ಹಾವೇರಿಯ ಹಳ್ಳಿಗಳಿಂದ ಬಂದವರು ತುಂಬಿದ ಹೆರಿಗೆ ವಾರ್ಡಿನಲ್ಲಿ ಒಬ್ಬರ ಬಿಪಿ ನೋಡಲು ಸ್ವಿಚ್ ಒತ್ತಿದರೆ ಇಡೀ ಸಾಲಿನ ದೀಪ ಹತ್ತುತ್ತದೆ. ಪಕ್ಕದ ಬಾಣಂತಿ ನಿದ್ದೆಗಣ್ಣಿನಲ್ಲೇ ಸೆರಗೆಳೆದು ಕೂಸಿನ ಮುಖಕ್ಕೆ ಮರೆ ಮಾಡುತ್ತಾಳೆ. ಕಾಮಾಲೆಯನ್ನೂ ರಕ್ತಸ್ರಾವವನ್ನೂ ಗುರುತಿಸಬೇಕಾದ ನರ್ಸಿಗೆ ಬೆಳಕು ತಪ್ಪದೇ ಸಿಗಬೇಕು, ಆದರೆ ಅದಕ್ಕೆ ಹಾಸಿಗೆಗೊಂದು ದೀಪ, ಅದಕ್ಕೊಂದು ಸ್ವಿಚ್ ಸಾಕು. ಉಳಿದ ವಾರ್ಡಿಗೆ ನೆಲಮಟ್ಟದಲ್ಲಿ ಮಂದವಾದ ಹಳದಿ ದೀಪವಿದ್ದರೆ ನಡೆಯುತ್ತದೆ. ಹೊಸ ಕಟ್ಟಡಗಳ ವೈರಿಂಗ್ ನಕ್ಷೆ ತಯಾರಾಗುವಾಗಲೇ ಇದು ಸೇರಿದರೆ ಗೋಡೆ ಒಡೆಯುವ ಖರ್ಚೂ ಬರುವುದಿಲ್ಲ.