ಹಿರೋಶಿಮಾ ದಿನಕ್ಕೆ ಅಣಬೆ ಮೋಡ ಬಿಟ್ಟು ಬೇರೆ ಏನು ಬಿಡಿಸಬಹುದು?

ಓದುಗರ ಪ್ರಶ್ನೆ: ನಾನು ಕುಂಬಳೆ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಪ್ರತಿ ವರ್ಷ ಆಗಸ್ಟ್ 6ಕ್ಕೆ ಮಕ್ಕಳಿಂದ ಪೋಸ್ಟರ್ ಮಾಡಿಸುತ್ತೇವೆ. ಮೂವತ್ತು ಮಕ್ಕಳಿದ್ದರೆ ಮೂವತ್ತು ಅಣಬೆ ಮೋಡ, ಪಕ್ಕದಲ್ಲೊಂದು ಪಾರಿವಾಳ. ಈಗಿನ ಕಲಾವಿದರು ಅಣುಬಾಂಬು, ವಿಕಿರಣದ ಬಗ್ಗೆ ಏನು ಮಾಡುತ್ತಿದ್ದಾರೆ? ಕಣ್ಣಿಗೇ ಕಾಣದ್ದನ್ನು ಚಿತ್ರ ಮಾಡುವುದು ಹೇಗೆ?

ಟೀಚರೇ, ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟಿನ ಮಳೆಗಾಲ, ಬಂತೆಂದರೆ ಈ ಪ್ರಶ್ನೆ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಕಾಸರಗೋಡಿನ ಶಾಲೆಗಳಲ್ಲಿ ಓದಿದವರಿಗೆಲ್ಲ ಸಡಾಕೊ ಗೊತ್ತು. ಕಾಗದದ ಕೊಕ್ಕರೆ ಮಡಿಸಲು ಗೊತ್ತು. 1945ರಲ್ಲಿ ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದಾಗ ಅಲ್ಲಿನ ಆ ಹುಡುಗಿಗೆ ಎರಡು ವರ್ಷ. ಹನ್ನೆರಡನೇ ವರ್ಷಕ್ಕೆ, 1955ರಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಆಸ್ಪತ್ರೆಯಲ್ಲಿ ಮದ್ದು ಸುತ್ತಿ ಕೊಡುತ್ತಿದ್ದ ಕಾಗದದಲ್ಲೂ ಅವಳು ಕೊಕ್ಕರೆ ಮಡಿಸುತ್ತಿದ್ದಳು. ಮಕ್ಕಳಿಗೆ ಈ ಕಥೆ ಹೇಳುವಾಗ ಆ ಮದ್ದಿನ ಕಾಗದದ ವಿಷಯ ಬಿಡಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ.

ಯಾಕೆಂದರೆ ಈ ವಿಷಯವನ್ನು ಚೆನ್ನಾಗಿ ಹಿಡಿದ ಕಲಾವಿದರು ಹೆಚ್ಚಾಗಿ ಮೋಡದ ಕಡೆ ನೋಡುವುದಿಲ್ಲ. ಮೋಡದ ಕೆಳಗೆ ಉಳಿದದ್ದನ್ನು ನೋಡುತ್ತಾರೆ. ಒಂದು ಅಂಗಿ, ಒಂದು ಹಿಡಿ ಮಣ್ಣು, ಕರಗಿದ ಮರಳು, ರೆಕ್ಕೆ ಸೊಟ್ಟಗಾದ ಒಂದು ಹುಳ.

ಅಣಬೆ ಮೋಡದ ಚಿತ್ರ ಎಲ್ಲಿಂದ ಬಂತು ಎಂದು ಒಮ್ಮೆ ಯೋಚಿಸಿ ನೋಡಿ. ಹಿರೋಶಿಮಾದ ಮೋಡ ಎಂದು ನಾವು ಪುಸ್ತಕಗಳಲ್ಲಿ ನೋಡುವ ಆ ಪ್ರಸಿದ್ಧ ಫೋಟೋ ತೆಗೆದದ್ದು ಬಾಂಬು ಹಾಕಿದ ಎನೋಲಾ ಗೇ ವಿಮಾನದಿಂದ. ವಿಮಾನದ ಬಾಲದಲ್ಲಿ ಕೂತಿದ್ದ ಸೈನಿಕ ತೆಗೆದ. ಅಂದರೆ ಅದು ಮೇಲಿದ್ದವರ ನೋಟ. ಕೆಳಗಿದ್ದವರಿಗೆ ಮೋಡ ಹಾಗೆ ಕಾಣಲೇ ಇಲ್ಲ. ಅವರು ಕಂಡದ್ದು ಒಂದು ಬೆಳಕು, ಕೇಳಿದ್ದು ಒಂದು ಸದ್ದು. ಅದಕ್ಕೇ ಜಪಾನಿನಲ್ಲಿ ಬಾಂಬಿಗೆ ‘ಪಿಕಾ-ಡೋನ್’ ಎನ್ನುವ ಹೆಸರು ಬಿತ್ತು. ಪಿಕಾ ಎಂದರೆ ಮಿಂಚು, ಡೋನ್ ಎಂದರೆ ಢಂ ಎನ್ನುವ ಸದ್ದು. ಆ ದಿನ ನಗರದೊಳಗೆ ನೆಲದ ಮೇಲೆ ನಿಂತು ಫೋಟೋ ತೆಗೆದವರು ಪತ್ರಿಕೆಯ ಛಾಯಾಗ್ರಾಹಕ ಯೋಶಿಟೊ ಮತ್ಸುಶಿಗೆ. ಗಂಟೆಗಟ್ಟಲೆ ತಿರುಗಿದರೂ ಅವರ ಕೈಯಲ್ಲಿ ಕೊನೆಗೆ ಉಳಿದದ್ದು ಐದೇ ಫೋಟೋ. ಕಣ್ಣ ಮುಂದೆ ಇದ್ದದ್ದನ್ನು ನೋಡಿ ಬಟನ್ ಒತ್ತಲು ಕೈ ಬರಲಿಲ್ಲ ಎಂದು ಅವರೇ ಆಮೇಲೆ ಹೇಳಿದ್ದರು.

ಮೇಲಿನ ನೋಟ, ಕೆಳಗಿನ ನೋಟ ಎನ್ನುವ ವ್ಯತ್ಯಾಸ ನಮ್ಮ ಊರಿನವರಿಗೆ ಬೇಗ ಅರ್ಥವಾಗುತ್ತದೆ. ನಾನು ಬೆಳೆದದ್ದು ಪೆರ್ಲದ ಆಚೆ, ಗೇರು ಗುಡ್ಡೆಯ ಬುಡದಲ್ಲಿ. ಗೇರು ತೋಟಕ್ಕೆ ಎಂಡೋಸಲ್ಫಾನ್ ಎಂಬ ಕೀಟದ ಮದ್ದು ಬಿಡುವ ಹೆಲಿಕಾಪ್ಟರ್ ಬಂದರೆ ನಾವು ಮಕ್ಕಳು ಅಂಗಳಕ್ಕೆ ಓಡುತ್ತಿದ್ದೆವು. ಕೈ ಬೀಸುತ್ತಿದ್ದೆವು. ಮದ್ದು ಬಿಡುವ ದಿನ ಬಾವಿ ಮುಚ್ಚಿಡಿ ಎಂದು ಮೊದಲೇ ಹೇಳಿ ಹೋಗುತ್ತಿದ್ದರು. ಅಮ್ಮ ಬಾವಿಕಟ್ಟೆಯ ಮೇಲೆ ತೆಂಗಿನ ಮಡಲು ಅಡ್ಡ ಹಾಕಿ, ಮೇಲೆ ಹಳೆ ಗೋಣಿ ಹೊದಿಸುತ್ತಿದ್ದರು. ಆದರೆ ನಮಗೆ ಕುಡಿಯುವ ನೀರು ಬರುತ್ತಿದ್ದದ್ದು ಗುಡ್ಡೆಗೆ ಅಡ್ಡವಾಗಿ ಕೊರೆದ ಸುರಂಗದಿಂದ. ಅಡಿಕೆ ದಬ್ಬೆಯಲ್ಲಿ ಹರಿದು ತೆರೆದ ತೊಟ್ಟಿಗೆ ಬೀಳುತ್ತಿತ್ತು. ಹರಿಯುವ ನೀರಿಗೆ ಏನು ಮುಚ್ಚುವುದು? ಮೇಲಿಂದ ನೋಡಿದವರಿಗೆ ಅದು ಬರೀ ತೋಟ. ಕೆಳಗೆ ಬಾವಿ, ತೊಟ್ಟಿ, ನಾವು. ಎಂಡೋಸಲ್ಫಾನ್ ಬೇರೆ, ವಿಕಿರಣ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ಕಾಣದ, ತಕ್ಷಣ ನೋಯದ, ವರ್ಷಗಳ ನಂತರ ಮನೆಯೊಳಗೆ ತಲೆ ಎತ್ತುವ ವಿಷ ಅಂದರೆ ಏನು ಎಂದು ನಮ್ಮ ಮಕ್ಕಳಿಗೆ ಬೇರೆಯವರು ಬಂದು ಹೇಳಿಕೊಡಬೇಕಾಗಿಲ್ಲ.

ಈಗ ಕೆಳಗಿನ ನೋಟದ ಚಿತ್ರಗಳ ವಿಷಯ. 1974ರಲ್ಲಿ ಒಬ್ಬ ಮುದುಕರು ತಾವೇ ಬಿಡಿಸಿದ ಒಂದು ಚಿತ್ರ ಹಿಡಿದುಕೊಂಡು ಹಿರೋಶಿಮಾದ ಎನ್‌ಎಚ್‌ಕೆ ಟಿವಿ ಕೇಂದ್ರಕ್ಕೆ ಹೋದರು. ಬಾಂಬು ಬಿದ್ದ ದಿನ ಸೇತುವೆಯ ಹತ್ತಿರ ತಾವು ನೋಡಿದ್ದನ್ನು ಬಿಡಿಸಿದ್ದರು. ಅದನ್ನು ನೋಡಿದ ಟಿವಿಯವರು, ನೀವು ಕಂಡದ್ದನ್ನು ನೀವೂ ಬರೆದು ಕಳಿಸಿ ಎಂದು ಜನರನ್ನು ಕೇಳಿಕೊಂಡರು. ಎರಡು ವರ್ಷದಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಚಿತ್ರಗಳು ಬಂದವು. ಬಿಡಿಸಿದವರಲ್ಲಿ ಹೆಚ್ಚಿನವರು ಚಿತ್ರ ಕಲಿತವರೇ ಅಲ್ಲ. ಕ್ರೇಯಾನ್, ಪೆನ್ಸಿಲ್, ಕೈಗೆ ಸಿಕ್ಕ ಕಾಗದ. ಚಿತ್ರದಲ್ಲಿ ಹೇಳಲು ಆಗದ್ದನ್ನು ಪಕ್ಕದಲ್ಲಿ ಅಕ್ಷರದಲ್ಲಿ ಬರೆದರು. ಚೆಂದ ಬರಬೇಕು ಎಂದು ಯಾರೂ ಬಿಡಿಸಲಿಲ್ಲ. ನನಗೆ ಇಡೀ ವಿಷಯದಲ್ಲಿ ಅತ್ಯಂತ ದೊಡ್ಡ ಕಲಾಕೃತಿ ಇದೇ ಅನಿಸುತ್ತದೆ. ಆ ಕೆಲಸ ನಿಂತಿಲ್ಲ. 2007ರಿಂದ ಹಿರೋಶಿಮಾದ ಮೊಟೊಮಾಚಿ ಹೈಸ್ಕೂಲಿನ ಮಕ್ಕಳು ಬಾಂಬಿನಿಂದ ಬದುಕಿ ಉಳಿದ ಅಜ್ಜ ಅಜ್ಜಿಯರ ಎದುರು ಕೂತು, ಅವರ ಮಾತು ಕೇಳಿ, ತಿಂಗಳುಗಟ್ಟಲೆ ತಿದ್ದಿ ತಿದ್ದಿ ಎಣ್ಣೆ ಬಣ್ಣದ ಚಿತ್ರ ಮಾಡುತ್ತಿದ್ದಾರೆ. ನಿಮ್ಮ ಶಾಲೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ?

ಇಶಿಯುಚಿ ಮಿಯಾಕೊ ಎನ್ನುವ ಛಾಯಾಗ್ರಾಹಕಿಯೂ 2007ರಲ್ಲಿ ತಮ್ಮ ಹಿರೋಶಿಮಾ ಸರಣಿಗೆ ಕೈ ಹಾಕಿದರು. ಅವರು ತೆಗೆದದ್ದು ಬಟ್ಟೆಗಳ ಫೋಟೋ. ಹಿರೋಶಿಮಾದ ಮ್ಯೂಸಿಯಮ್ಮಿನಲ್ಲಿ ಸತ್ತವರ ಉಡುಪುಗಳನ್ನು ಇಟ್ಟಿದ್ದಾರೆ. ಅವನ್ನು ಬೆಳಕಿನಲ್ಲಿ ಹರಡಿ, ಬಣ್ಣದಲ್ಲಿ ತೆಗೆದರು. ಹೂವಿನ ಅಂಚಿನ ರವಿಕೆ, ಕೈಹೊಲಿಗೆಯ ಫ್ರಾಕು. ಹಿರೋಶಿಮಾ ಅಂದರೆ ಕಪ್ಪು ಬಿಳುಪು ಎಂದು ತಿಳಿದಿದ್ದ ನಮಗೆ ಆ ಬಣ್ಣ ಒಮ್ಮೆಲೇ ತಾಗುತ್ತದೆ. ಆ ಹುಡುಗಿಗೆ ಈ ಬಣ್ಣ ಇಷ್ಟವಿತ್ತು, ಬೆಳಿಗ್ಗೆ ಅದನ್ನೇ ಆರಿಸಿ ಹಾಕಿಕೊಂಡಿದ್ದಳು ಅನ್ನುವುದು ಹೊಳೆಯುತ್ತದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಕಾಣದ್ದನ್ನು ಕಾಣಿಸುವುದು.

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. 1896ರಲ್ಲಿ ಪ್ಯಾರಿಸಿನಲ್ಲಿ ಹೆನ್ರಿ ಬೆಕೆರೆಲ್ ಯುರೇನಿಯಂ ಲವಣವನ್ನು ಕಪ್ಪು ಕಾಗದದಲ್ಲಿ ಸುತ್ತಿದ ಫೋಟೋ ಪ್ಲೇಟಿನ ಮೇಲಿಟ್ಟು ಮೇಜಿನ ಡ್ರಾಯರಿಗೆ ಹಾಕಿದ್ದರು. ಬಿಸಿಲಿಗೆ ಇಡಬೇಕೆಂದಿದ್ದರು, ಮೋಡ ಕವಿದು ಬಿಸಿಲೇ ಬರಲಿಲ್ಲ. ಆದರೂ ಪ್ಲೇಟು ತೊಳೆದು ನೋಡಿದರೆ ಲವಣದ ಗುರುತು ಸ್ಪಷ್ಟವಾಗಿ ಮೂಡಿತ್ತು. ಯುರೇನಿಯಂನಂಥ ವಸ್ತು ತಾನಾಗಿ ವಿಕಿರಣ ಸೂಸುತ್ತದೆ ಎಂದು ಮನುಷ್ಯನಿಗೆ ಗೊತ್ತಾದದ್ದೇ ಹೀಗೆ, ಕತ್ತಲಲ್ಲಿ ತಾನಾಗಿ ಮೂಡಿದ ಒಂದು ಚಿತ್ರದಿಂದ.

ಅದೇ ದಾರಿಯನ್ನು ಜಪಾನಿನ ಕಲಾವಿದ ಶಿಂಪೇ ತಕೇಡ ಹಿಡಿದರು. ಅವರು ಫುಕುಶಿಮಾ ಸೀಮೆಯಲ್ಲೇ ಹುಟ್ಟಿದವರು. 2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ ಬಂದು ಫುಕುಶಿಮಾ ದಾಯಿಚಿ ಅಣು ಸ್ಥಾವರದಿಂದ ವಿಕಿರಣ ಹೊರಗೆ ಬಂತು. ಮರುವರ್ಷ ತಕೇಡ ಹನ್ನೆರಡು ಜಾಗಗಳಿಂದ ಮಣ್ಣು ತಂದರು. ದೇವಸ್ಥಾನ, ಹಳೆ ಕೋಟೆ, ಆಸ್ಪತ್ರೆ, ಹೀಗೆ ಹುಟ್ಟು ಸಾವುಗಳ ನೆನಪಿರುವ ಜಾಗಗಳು. ಬೆಳಕು ಹೋಗದ ಪೆಟ್ಟಿಗೆಯಲ್ಲಿ ಫಿಲ್ಮ್ ಹಾಳೆಯ ಮೇಲೆ ಆ ಮಣ್ಣು ಹರಡಿ ಒಂದು ತಿಂಗಳು ಬಿಟ್ಟರು. ಕ್ಯಾಮರಾ ಇಲ್ಲ, ಬೆಳಕಿಲ್ಲ. ಕೆಲವು ಹಾಳೆಗಳಲ್ಲಿ ಏನೂ ಮೂಡಲಿಲ್ಲ ಎನ್ನುವಷ್ಟು ಕಪ್ಪು. ನಿಹೊನ್‌ಮತ್ಸು ಕೋಟೆಯ ಮಣ್ಣಿನ ಹಾಳೆಯಂತೂ ನಕ್ಷತ್ರ ಚೆಲ್ಲಿದ ಆಕಾಶದ ಹಾಗೆ ಬಂತು. ಸಣ್ಣ ಬಿಳಿ ಚುಕ್ಕೆ, ದೊಡ್ಡ ಚುಕ್ಕೆ, ಅಲ್ಲಲ್ಲಿ ಹೊಗೆಯ ಹಾಗೆ ಮಸುಕು. ಒಂದೊಂದು ಚುಕ್ಕೆಯೂ ವಿಕಿರಣ ಸೂಸುವ ಒಂದೊಂದು ಕಣ. ನೋಡಲು ಬಹಳ ಚೆಂದ. ಚೆಂದ ಎಂದು ಬಾಯಿಗೆ ಬಂದ ಕೂಡಲೇ ನಾಲಗೆ ತಡೆಯುತ್ತದೆ, ಅದು ಯಾರದೋ ಊರಿನ ಮಣ್ಣು. ಮಸಮಿಚಿ ಕಗಯ ಎನ್ನುವ ಇನ್ನೊಬ್ಬರು ಒಬ್ಬ ನಿವೃತ್ತ ಪ್ರೊಫೆಸರ್ ಜೊತೆ ಸೇರಿ ಕೆಲಸದ ಕೈಗವಸು, ಶೂ, ಸತ್ತ ಹಕ್ಕಿ ಇಂಥವುಗಳ ವಿಕಿರಣವನ್ನು ಇದೇ ರೀತಿ ಚಿತ್ರವಾಗಿ ಹಿಡಿದಿದ್ದಾರೆ.

ಸ್ವಿಟ್ಜರ್ಲೆಂಡಿನ ಕಾರ್ನೇಲಿಯಾ ಹೆಸ್ಸೆ-ಹೊನೆಗ್ಗರ್ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದವರಿಗೆ ಹುಳಗಳ ಚಿತ್ರ ಬಿಡಿಸುತ್ತಿದ್ದರು. 1986ರಲ್ಲಿ ಚೆರ್ನೋಬಿಲ್ ಅಣು ಸ್ಥಾವರದ ದುರಂತ ಆಯಿತು. ಮರುವರ್ಷ ಅವರು ವಿಕಿರಣದ ಮಳೆ ಬಿದ್ದ ಸ್ವೀಡನ್ನಿಗೆ ಹೋಗಿ ತಿಗಣೆ ಜಾತಿಯ ಎಲೆಹುಳಗಳನ್ನು ಹಿಡಿದರು. ಸೂಕ್ಷ್ಮದರ್ಶಕದ ಕೆಳಗಿಟ್ಟು ಜಲವರ್ಣದಲ್ಲಿ ಬಿಡಿಸಿದರು. ಒಂದಕ್ಕೆ ಮೀಸೆ ಗಿಡ್ಡ, ಒಂದಕ್ಕೆ ರೆಕ್ಕೆ ಸೊಟ್ಟ. ಆಮೇಲೆ ಅಣು ಸ್ಥಾವರಗಳ ಸುತ್ತಲೂ ಹುಡುಕಿ ಹುಡುಕಿ ಬಿಡಿಸಿದರು. ಇಷ್ಟು ಕಡಿಮೆ ವಿಕಿರಣದಿಂದ ಹೀಗಾಗುವುದಿಲ್ಲ ಎಂದು ಬಹಳ ವಿಜ್ಞಾನಿಗಳು ಅವರ ಮಾತು ಒಪ್ಪಲಿಲ್ಲ. ಮಕ್ಕಳಿಗೆ ಹೇಳುವಾಗ ಇದನ್ನೂ ಸೇರಿಸಿ ಹೇಳಿ. ಆದರೆ ಯಾರೂ ನೋಡದ ಹುಳವನ್ನು ಒಬ್ಬರು ಅಷ್ಟು ತಾಳ್ಮೆಯಿಂದ ನೋಡಿದರಲ್ಲ, ಅದು ನನಗೆ ದೊಡ್ಡದು. ನಮ್ಮ ಗೇರಿಗೆ ಬರುವ ಟೀ ಸೊಳ್ಳೆಯೂ ನಿಜವಾಗಿ ಸೊಳ್ಳೆ ಅಲ್ಲ, ಅದೇ ತಿಗಣೆ ಬಳಗದ ಹುಳ. ಅದನ್ನು ಕೊಲ್ಲಲಿಕ್ಕೇ ಮೇಲಿಂದ ಮದ್ದು ಬಿಟ್ಟದ್ದು.

ಆಸ್ಟ್ರೇಲಿಯದ ಯಾನಿ ಸ್ಕಾರ್ಸ್ ಅವರ ಕೆಲಸ ಇನ್ನೊಂದು ಥರ. ಅವರು ಅಲ್ಲಿನ ಮೂಲನಿವಾಸಿ. 1950ರ ದಶಕದಲ್ಲಿ ಬ್ರಿಟಿಷರು ಮೂಲನಿವಾಸಿಗಳ ನೆಲದಲ್ಲಿ, ಮರಲಿಂಗ ಎಂಬಲ್ಲಿ, ಅಣುಬಾಂಬು ಪರೀಕ್ಷೆ ಮಾಡಿದರು. ಆ ಶಾಖಕ್ಕೆ ಮರಳುಗಾಡಿನ ಮರಳೇ ಕರಗಿ ಗಾಜಾಯಿತು. ಸ್ಕಾರ್ಸ್ ಕೂಡ ಗಾಜು ಊದುವವರೇ. ತಮ್ಮ ಜನ ನೆಲದಿಂದ ಅಗೆದು ತಿನ್ನುತ್ತಿದ್ದ ಗೆಣಸನ್ನು ಅವರು ಗಾಜಿನಲ್ಲಿ ಊದಿದರು. 2015ರ ಒಂದು ಕೃತಿಯಲ್ಲಿ ಎರಡು ಸಾವಿರ ಗಾಜಿನ ಗೆಣಸುಗಳು ಮೇಲಿಂದ ತೂಗುತ್ತವೆ, ಮೋಡದ ಆಕಾರದಲ್ಲಿ. ಇಲ್ಲಿ ಮೋಡ ಇದೆ, ನಿಜ. ಆದರೆ ಹತ್ತಿರ ಹೋದರೆ ಅದು ಊಟದ ಗೆಡ್ಡೆ.

ನಮ್ಮ ದೇಶದಲ್ಲಿ? ಪೋಖ್ರಾನಿನಲ್ಲಿ 1974ರಲ್ಲಿ ಒಮ್ಮೆ, 1998ರ ಮೇ ತಿಂಗಳಲ್ಲಿ ಮತ್ತೊಮ್ಮೆ ಅಣುಬಾಂಬು ಪರೀಕ್ಷೆ ನಡೆಯಿತು. 1998ರ ಸುದ್ದಿಗೆ ಮುಂಬೈಯ ಕಲಾವಿದೆ ನಳಿನಿ ಮಲಾನಿ ಕೂಡಲೇ ಸ್ಪಂದಿಸಿದರು. ದೇಶವಿಭಜನೆಯ ಬಗ್ಗೆ ಉರ್ದು ಕಥೆಗಾರ ಮಂಟೋ ಬರೆದ ಕಥೆಯೊಂದನ್ನು ನೆನೆದು ಅವರು ಒಂದು ಕೋಣೆಯನ್ನೇ ಕೃತಿ ಮಾಡಿದರು. ನೆಲದ ಮೇಲೆ ಹನ್ನೆರಡು ತಗಡಿನ ಟ್ರಂಕು, ಒಳಗೆ ಸಣ್ಣ ಟಿವಿಗಳು. ಎದುರು ಬದುರು ಗೋಡೆಗಳಲ್ಲಿ ಇಬ್ಬರು ಹೆಂಗಸರು. ಆ ಗೋಡೆಯಿಂದ ಈ ಗೋಡೆಗೆ ಇಬ್ಬರೂ ಸೇರಿ ಒಂದು ಸೀರೆ ಮಡಿಸಲು ನೋಡುತ್ತಾರೆ. ನಡುವೆ ಬಾಂಬಿನ ದೃಶ್ಯಗಳು ಹರಿಯುತ್ತವೆ. ಸೀರೆ ಮಡಿಸುವುದಕ್ಕೆ ಇಬ್ಬರು ಬೇಕು, ಒಬ್ಬರು ಆ ತುದಿ, ಒಬ್ಬರು ಈ ತುದಿ. ಒಗೆದ ಸೀರೆಯನ್ನು ಅಮ್ಮನ ಜೊತೆ ಮಡಿಸಿದ ಯಾವ ಮಗುವಿಗೂ ಇದು ಅರ್ಥವಾಗುತ್ತದೆ.

ಅಣು ವಿದ್ಯುತ್ತೂ ದೂರದ ವಿಷಯವಲ್ಲ. ಉತ್ತರ ಕನ್ನಡದ ಕೈಗಾ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು ಬೀದಿಗಿಳಿದರು, 1989ರಲ್ಲಿ ಲೋಕಸಭೆಗೂ ನಿಂತರು. ಇತ್ತೀಚೆಗೆ ಪತ್ರಿಕೆಗಳಲ್ಲಿ ಅಣು ಸ್ಥಾವರಕ್ಕೆ ಜಾಗ ಎಂದು ನಮ್ಮ ಜಿಲ್ಲೆಯ ಚೀಮೇನಿಯ ಹೆಸರೂ ಬಂತು. ಪರ ವಿರೋಧ ದೊಡ್ಡವರು ಮಾತಾಡಲಿ. ಮಕ್ಕಳು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸದೆ ಇದ್ದರೆ ಸಾಕು.

ಇನ್ನು ಕ್ಲಾಸಿನಲ್ಲಿ ಏನು ಮಾಡಿಸುವುದು? ಸಣ್ಣ ಮಕ್ಕಳಿಗೆ ಸುಟ್ಟ ದೇಹಗಳ ಫೋಟೋ ತೋರಿಸಬೇಡಿ. ಹೆದರಿಕೆಯಲ್ಲಿ ಯಾರೂ ಏನೂ ಕಲಿಯುವುದಿಲ್ಲ. ಮನೆಯ ಹಿರಿಯರ ಹತ್ತಿರ ಕೂತು ಒಂದು ನೆನಪು ಕೇಳಿ ಬಿಡಿಸಲಿ, ಮೊಟೊಮಾಚಿಯ ಮಕ್ಕಳ ಹಾಗೆ. ನಮ್ಮ ಕಡೆಯ ಅಜ್ಜಿಯರಿಗೆ ಹೇಳಲು ಬಹಳ ಇದೆ. ಈ ತಿಂಗಳಲ್ಲೇ ಮಾರಿ ಕಳೆಯಲು ವೇಷ ಹಾಕಿ ಮನೆಗೆ ಬರುವ ಆಟಿ ಕಳೆಂಜನನ್ನೂ ಕೇಳಿ ತಿಳಿಯಲಿ. ಕಾಣದ ಮಾರಿಯನ್ನು ಓಡಿಸಲು ಮನುಷ್ಯ ಬಣ್ಣ ಬಳಿದು, ಎಳೆ ತೆಂಗಿನ ಗರಿಯ ತಿರಿ ಕಟ್ಟಿ, ಕುಣಿದು ಬರುತ್ತಾನೆ ಎಂದರೆ, ಕಾಣದ್ದಕ್ಕೆ ರೂಪ ಕೊಡುವ ಕೆಲಸ ನಮ್ಮ ಅಂಗಳದಲ್ಲೂ ನಡೆದಿದೆ ತಾನೇ?

ಇನ್ನೊಂದು ಕೆಲಸವಿದೆ, ಅದಕ್ಕೆ ಬಿಸಿಲು ಬೇಕು. ಹಿರೋಶಿಮಾದಲ್ಲಿ ಬ್ಯಾಂಕೊಂದರ ಕಲ್ಲಿನ ಮೆಟ್ಟಿಲ ಮೇಲೆ ಒಬ್ಬರು ಕೂತಿದ್ದರು. ಶಾಖಕ್ಕೆ ಸುತ್ತಲಿನ ಕಲ್ಲು ಬಿಳಿಚಿತು, ಅವರು ಕೂತ ಜಾಗ ಮಾತ್ರ ಕಪ್ಪಾಗಿ ಉಳಿಯಿತು. ಆ ಕಲ್ಲು ಈಗ ಮ್ಯೂಸಿಯಮ್ಮಿನಲ್ಲಿದೆ. ಅಗ್ಗದ ಬಣ್ಣದ ಕಾಗದವೂ ಬಿಸಿಲಿಗೆ ಹಾಗೆಯೇ ಬಿಳಿಚುತ್ತದೆ. ಗಾಢ ನೀಲಿ ಅಥವಾ ನೇರಳೆ ಕಾಗದದ ಮೇಲೆ ಒಂದು ಗೇರೆಲೆ ಇಟ್ಟು, ಜಾರದ ಹಾಗೆ ಮೇಲೊಂದು ಗಾಜು ಹೇರಿ, ಶಾಲೆಯ ಜಗಲಿಯಲ್ಲಿ ಬಿಸಿಲು ಬೀಳುವಲ್ಲಿ ವಾರ ಹತ್ತು ದಿನ ಬಿಡಿ. ಎಲೆ ತೆಗೆದರೆ ಎಲೆಯ ನೆರಳು ಉಳಿದಿರುತ್ತದೆ. ಎಲೆಯ ಬದಲು ಮಕ್ಕಳು ತಮ್ಮ ಚಪ್ಪಲಿ, ಬಾಚಣಿಗೆ, ಬೀಗದ ಕೈ ಇಡಬಹುದು. ಆಟಿಯಲ್ಲಿ ನಮ್ಮಲ್ಲಿ ಬಿಸಿಲು ಎಲ್ಲಿದೆ? ಹಾಗಾಗಿ ಫೆಬ್ರವರಿಯಲ್ಲೇ, ಪರೀಕ್ಷೆಯ ಗಡಿಬಿಡಿ ಶುರುವಾಗುವ ಮೊದಲು ಮಾಡಿಸಿ. ಹಳೆ ಪೇಪರಿನಲ್ಲಿ ಸುತ್ತಿ, ಹೆಸರು ಬರೆದು ಕಪಾಟಿನಲ್ಲಿಡಿ. ಮಳೆಗಾಲದಲ್ಲಿ ಕಾಗದಕ್ಕೆ ಥಂಡಿ ಹಿಡಿಯುತ್ತದೆ, ಸುತ್ತುವಾಗ ಒಳಗೆ ಒಂದೆರಡು ತುಂಡು ಇದ್ದಲು ಹಾಕಲು ಮರೆಯಬೇಡಿ.