ನೆರಳಿನಲ್ಲಿ ಕಾಣುವ ಸುಣ್ಣ

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ಎಕ್ಸ್‌ರೇ ಕೇಂದ್ರವೊಂದರ ಬೆಂಚಿನ ಮೇಲೆ ಸರದಿಗಾಗಿ ಕಾಯುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ಜಗಳೂರು ಕಡೆಯ ಹಿರಿಯರೊಬ್ಬರು ನನ್ನನ್ನು ಮೆಲ್ಲಗೆ ಕೇಳಿದರು: “ಇದನ್ನ ತೆಗಿಸ್ಕಂಡ ಮ್ಯಾಲೆ ಮೊಮ್ಮಗನ್ನ ಎಷ್ಟು ದಿನ ಎತ್ಕಬಾರ್ದು ಸರ್?” ಕಿರಣವು ಮೈಯೊಳಗೆ ಉಳಿದುಕೊಂಡು ಮುಟ್ಟಿದವರಿಗೂ ಹತ್ತುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ಮೊಣಕೈ ನೋವಿಗಿಂತ ಆ ಅಂಜಿಕೆಯೇ ಅವರನ್ನು ಹೆಚ್ಚು ಬಾಧಿಸುತ್ತಿತ್ತು.

ಒಂದು ಕ್ಷಣವೂ ದೂರ ಇರಬೇಕಾಗಿಲ್ಲ ಎಂದು ನಾನು ಹೇಳಿದೆ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಹೇಗೆ ಉಳಿಯುವುದಿಲ್ಲವೋ ಹಾಗೆಯೇ ಯಂತ್ರ ನಿಂತ ಕೂಡಲೇ ಎಕ್ಸ್ ಕಿರಣವೂ ಇಲ್ಲವಾಗುತ್ತದೆ. ಆದರೆ ಅದು ಹಾದುಹೋಗುವಾಗ ಜೀವಕೋಶಕ್ಕೆ ಏನನ್ನೂ ಮಾಡುವುದಿಲ್ಲ ಎನ್ನುವುದೂ ತಪ್ಪು. ಆ ಕಾರಣದಿಂದಲೇ ಅಗತ್ಯವಿಲ್ಲದೆ ತೆಗೆಸಬಾರದು ಮತ್ತು ಗರ್ಭಿಣಿಯರು ಮೊದಲೇ ತಿಳಿಸಬೇಕು ಎಂಬ ನಿಯಮವಿದೆ. ಪ್ರಮಾಣವನ್ನು ಮಾತ್ರ ಸರಿಯಾಗಿ ಅರಿತಿರಬೇಕು. ದೇಹಕ್ಕೆ ತಗಲುವ ವಿಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮಣ್ಣು, ಬಂಡೆ, ಗಾಳಿ ಮತ್ತು ಆಕಾಶದಿಂದ ಮನುಷ್ಯನಿಗೆ ಸಹಜವಾಗಿಯೇ ತಗಲುವ ವಿಕಿರಣವು ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್‌ನಷ್ಟಿದ್ದರೆ, ಎದೆಯ ಒಂದು ಎಕ್ಸ್‌ರೇಯಲ್ಲಿ ತಗಲುವುದು ಸುಮಾರು 0.02 ಮಿಲಿಸೀವರ್ಟ್, ಅಂದರೆ ನಾವು ಸುಮ್ಮನೆ ಮೂರು ದಿನ ಬದುಕಿದ್ದರೆ ತಗಲುವಷ್ಟು. ಎದೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ಈ ಪ್ರಮಾಣ ಹಲವು ಮಿಲಿಸೀವರ್ಟ್‌ಗಳಿಗೆ ಏರುವುದರಿಂದ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇದಕ್ಕಿಂತ ಆಳವಾಗಿ ಬೇರೂರಿದ ಇನ್ನೊಂದು ತಪ್ಪು ಎಣಿಕೆಯೆಂದರೆ ಎಕ್ಸ್‌ರೇ ಒಂದು ಫೋಟೋ ಎನ್ನುವುದು. ಫೋಟೋ ಮೂಡುವುದು ವಸ್ತುವಿನಿಂದ ಮರಳಿ ಬಂದ ಬೆಳಕಿನಿಂದ. ಎಕ್ಸ್‌ರೇ ಮೂಡುವುದು ದೇಹವನ್ನು ದಾಟಿ ಬಂದ ಕಿರಣದಿಂದ. ಅದು ನೆರಳು. ನಮ್ಮ ಸೀಮೆಯಲ್ಲಿ ತೊಗಲುಗೊಂಬೆಯಾಟ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಹಿಂದೆ ದೀಪ, ನಡುವೆ ಹದಮಾಡಿದ ತೊಗಲು, ಮುಂದೆ ಪರದೆ. ತೊಗಲು ತೆಳುವಾಗಿರುವ ಕಡೆ ಬೆಳಕು ಸೋಸಿ ಬರುತ್ತದೆ, ದಪ್ಪವಾಗಿರುವ ಕಡೆ ತಡೆಯುತ್ತದೆ. ಎಕ್ಸ್‌ರೇ ಹಾಳೆಯಲ್ಲಿ ಈ ಲೆಕ್ಕ ತಿರುವುಮುರುವು ಎನ್ನುವುದೊಂದೇ ವ್ಯತ್ಯಾಸ. ಕಿರಣ ಬಿದ್ದ ಜಾಗ ಕಪ್ಪಾಗುತ್ತದೆ, ಬೀಳದ ಜಾಗ ಬೆಳ್ಳಗೆ ಉಳಿಯುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಕಪ್ಪು, ಕೊಬ್ಬು ಕಡುಬೂದು, ಸ್ನಾಯು ಮತ್ತು ರಕ್ತ ತಿಳಿಬೂದು, ಮೂಳೆ ಬಿಳಿ, ಲೋಹ ಅಚ್ಚ ಬಿಳಿ. ಇಡೀ ರೋಗನಿರ್ಣಯವು ಈ ಐದು ಛಾಯೆಗಳ ಮೇಲೆ ನಿಂತಿದೆ.

ಹಾಗಾದರೆ ಮೂಳೆ ಮಾತ್ರ ಏಕೆ ಇಷ್ಟು ಬಲವಾಗಿ ತಡೆಯುತ್ತದೆ? ಗಟ್ಟಿಯಾಗಿರುವುದರಿಂದ ಎಂಬ ಉತ್ತರ ಸಾಲದು. ಹದಮಾಡಿದ ತೇಗದ ಹಲಗೆಯೂ ಗಟ್ಟಿಯೇ, ಆದರೂ ಅದು ಕಿರಣಕ್ಕೆ ಮೂಳೆಯಷ್ಟು ಅಡ್ಡಿಯಾಗುವುದಿಲ್ಲ. ಗುಟ್ಟು ಇರುವುದು ಪರಮಾಣುವಿನಲ್ಲಿ. ಸಡಿಲವಾಗಿರುವ ಎಲೆಕ್ಟ್ರಾನಿಗೆ ಎಕ್ಸ್ ಕಿರಣದ ಕಣ ತಾಗಿದರೆ, ನೀರಿನ ಮೇಲೆ ತೇಲುವ ಬೆಂಡಿಗೆ ಹೊಡೆದಂತೆ ಎಲೆಕ್ಟ್ರಾನು ಪಕ್ಕಕ್ಕೆ ಸರಿಯುತ್ತದೆ, ಕಿರಣವೂ ದಿಕ್ಕು ಬದಲಿಸಿ ಮುಂದೆ ಹೋಗುತ್ತದೆ. ಪರಮಾಣುವಿನ ನಡುವಿರುವ ನ್ಯೂಕ್ಲಿಯಸ್ಸಿಗೆ ಬಿಗಿಯಾಗಿ ಕಟ್ಟಿಕೊಂಡಿರುವ ಒಳವಲಯದ ಎಲೆಕ್ಟ್ರಾನು ಹಾಗಲ್ಲ. ನೆಲದಲ್ಲಿ ಆಳವಾಗಿ ಹೂತ ಗೂಟದಂತೆ ಅದು ಪೂರ್ತಿ ಹೊಡೆತವನ್ನು ಹೀರಿಕೊಳ್ಳಬಲ್ಲದು, ಮತ್ತು ಹೀಗಾದಾಗ ಕಿರಣದ ಆ ಕಣ ಅಲ್ಲಿಗೇ ಮುಗಿಯುತ್ತದೆ. ಪರಮಾಣು ಸಂಖ್ಯೆ, ಅಂದರೆ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನುಗಳ ಎಣಿಕೆ, ಹೆಚ್ಚಾದಷ್ಟೂ ಈ ಕಟ್ಟು ಬಿಗಿ. ಹಾಗಾಗಿ ಹೀರಿಕೆ ನೇರ ಲೆಕ್ಕದಲ್ಲಿ ಏರದೆ, ಸರಿಸುಮಾರು ಆ ಸಂಖ್ಯೆಯ ಘನದ ಲೆಕ್ಕದಲ್ಲಿ ಏರುತ್ತದೆ. ಒಂದು ಅಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆಗೆ ಮೆಕ್ಕೆಜೋಳ ತುಂಬಿ, ಬಳಿಕ ಎರಡೂವರೆ ಅಡಿಯ ಪೆಟ್ಟಿಗೆಗೆ ತುಂಬಿ ನೋಡಿ; ಎರಡನೆಯದು ಎರಡೂವರೆ ಪಟ್ಟಲ್ಲ, 15 ಪಟ್ಟಿಗೂ ಹೆಚ್ಚು ಕಾಳನ್ನು ನುಂಗುತ್ತದೆ. ಮಾಂಸದಲ್ಲಿ ಹೇರಳವಾಗಿರುವ ಆಮ್ಲಜನಕದ ಸಂಖ್ಯೆ 8, ಮೂಳೆಯ ಕ್ಯಾಲ್ಸಿಯಂನದು 20, ಅಂದರೆ ಸರಿಯಾಗಿ ಎರಡೂವರೆ ಪಟ್ಟು. ಮೂಳೆಯ ಬಿಳುಪೆಲ್ಲ ಅದರೊಳಗಿನ ಸುಣ್ಣದ ಅಂಶದ್ದು. ಕರುಳು ಕಾಣಿಸಲೆಂದು ರೋಗಿಗೆ ಬೇರಿಯಂ ಕುಡಿಸುವುದರ ಹಿಂದೆಯೂ ಇದೇ ಲೆಕ್ಕವಿದೆ. ಬೇರಿಯಂನ ಸಂಖ್ಯೆ 56, ಆಮ್ಲಜನಕದ ಏಳು ಪಟ್ಟು, ಅದರ ಘನ 343.

1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿ ವಿಲ್‌ಹೆಲ್ಮ್ ರಾಂಟ್ಜೆನ್ ಈ ಕಿರಣವನ್ನು ಮೊದಲು ಗಮನಿಸಿದಾಗ ಪರಮಾಣುವಿನ ಒಳರಚನೆ ಯಾರಿಗೂ ತಿಳಿದಿರಲಿಲ್ಲ. ಆದರೂ ಅದೇ ವರ್ಷ ಡಿಸೆಂಬರ್ 22ರಂದು ಅವರು ಪತ್ನಿ ಆನ್ನಾ ಬೆರ್ಥಾ ಅವರ ಕೈಯ ಚಿತ್ರ ತೆಗೆದಾಗ ಇಡೀ ತತ್ತ್ವ ಅದರಲ್ಲೇ ಮೂಡಿತ್ತು: ಮಸುಕಾದ ಮಾಂಸ, ಸ್ಪಷ್ಟ ಮೂಳೆ, ಮೂಳೆಗಿಂತ ದಟ್ಟವಾದ ಬೆರಳಿನ ಉಂಗುರ. 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಪಡೆದ ಅವರು ತಮ್ಮ ಶೋಧಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಊರೂರಿನ ಆಸ್ಪತ್ರೆಗೆ ಈ ಯಂತ್ರ ಬೇಗ ತಲುಪಿದ್ದರಲ್ಲಿ ಆ ಔದಾರ್ಯದ ಪಾಲೂ ಇದೆ ಎಂದು ನಾನು ನಂಬಿದ್ದೇನೆ.

ನೆರಳಿಗೆ ಅದರದೇ ಆದ ಮೋಸಗಳೂ ಉಂಟು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅಂಚು ಚೊಕ್ಕಟವಾಗಿರುತ್ತದೆ, ಹಿಂದಕ್ಕೆ ಎಳೆದರೆ ನೆರಳು ಹಿಗ್ಗಿ ಮಸುಕಾಗುತ್ತದೆ. ಹೃದಯವಿರುವುದು ಎದೆಯ ಮುಂಭಾಗದಲ್ಲಿ. ಆದ್ದರಿಂದ ತಂತ್ರಜ್ಞರು ನಮ್ಮ ಎದೆಯನ್ನು ಫಲಕಕ್ಕೆ ಒತ್ತಿ ನಿಲ್ಲಿಸಿ, ಸುಮಾರು ಆರು ಅಡಿ ದೂರದಿಂದ, ಬೆನ್ನ ಕಡೆಯಿಂದ ಕಿರಣ ಹಾಯಿಸುತ್ತಾರೆ. ಎದ್ದು ನಿಲ್ಲಲಾರದ ರೋಗಿಗೆ ಮಲಗಿದಲ್ಲೇ ಮುಂದಿನಿಂದ ತೆಗೆದಾಗ ಆರೋಗ್ಯವಂತ ಹೃದಯವೂ ದೊಡ್ಡದಾಗಿ ಕಾಣಬಹುದು. ನೆರಳಿನಲ್ಲಿ ಆಳವೂ ತಿಳಿಯುವುದಿಲ್ಲವಾದ್ದರಿಂದ ಮುರಿದ ಕೈಯನ್ನು ನೇರವಾಗಿ ಒಮ್ಮೆ, ಪಕ್ಕದಿಂದ ಒಮ್ಮೆ ತೆಗೆಯಲೇಬೇಕು. ಎರಡನೆಯದು ಹಣ ಕೀಳುವ ಉಪಾಯವೆಂದು ಕೆಲವರು ಸಿಟ್ಟಾಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆಯ ಬಿರುಕು ಮೊದಲ ದಿನ ಕಾಣದೆ, ಹತ್ತು ಹದಿನಾಲ್ಕು ದಿನಗಳ ಬಳಿಕ ಮತ್ತೆ ತೆಗೆದಾಗ ಕಾಣುವುದುಂಟು. ಶ್ವಾಸಕೋಶದ ಮೇಲ್ಭಾಗದ ಕಲೆ ಕ್ಷಯದ ಶಂಕೆ ಹುಟ್ಟಿಸುತ್ತದೆ, ಆದರೆ ಅದನ್ನು ಖಚಿತಪಡಿಸಬೇಕಾದದ್ದು ಕಫದ ಪರೀಕ್ಷೆ.

ಚಿತ್ರದುರ್ಗ ಜಿಲ್ಲೆಯ ಮತ್ತು ಅದಕ್ಕೆ ಅಂಟಿಕೊಂಡ ಜಗಳೂರು ಕಡೆಯ ಹಲವು ಹಳ್ಳಿಗಳ ಮಟ್ಟಿಗಂತೂ ಈ ಸುಣ್ಣದ ನೆರಳಿಗೆ ಬೇರೆಯೇ ಅರ್ಥವಿದೆ. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಬಂಡೆಯಿಂದ ಕರಗಿದ ಫ್ಲೋರೈಡ್ ಇರುತ್ತದೆ. ಭಾರತೀಯ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕದ್ದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸಹಿಸತಕ್ಕದ್ದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಯ ಹರಳುಗಳೊಳಗೆ ಸೇರಿಕೊಂಡು, ಮೂಳೆ ಕಟ್ಟುವ ಕೋಶಗಳನ್ನು ಅತಿಯಾಗಿ ಕೆರಳಿಸುತ್ತದೆ. ಬೆನ್ನುಮೂಳೆ ಮತ್ತು ಸೊಂಟದ ಮೂಳೆಗಳು ಎಕ್ಸ್‌ರೇಯಲ್ಲಿ ಸೀಮೆಸುಣ್ಣದಂತೆ ಬೆಳ್ಳಗಾಗುತ್ತವೆ, ಆದರೆ ಆ ಬಿಳುಪು ಬಲದ ಗುರುತಲ್ಲ. ಸಂಧಿಬಂಧಗಳಿಗೂ ಸುಣ್ಣ ಕಟ್ಟಿ ಬೆನ್ನು ಬಗ್ಗದಂತಾಗುತ್ತದೆ. ಇದನ್ನು ವಾಯು ಎಂದೋ ದೇವರ ಶಾಪ ಎಂದೋ ತಿಳಿದು ಹರಕೆ ಹೊರುವವರಿದ್ದಾರೆ. ನೀರನ್ನು ಕುದಿಸಿದರೆ ಸಾಕು ಎಂದು ನಂಬಿದವರೂ ಇದ್ದಾರೆ. ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ಉಳಿದ ನೀರಿನಲ್ಲಿ ಅದರ ಸಾಂದ್ರತೆ ಇನ್ನಷ್ಟು ಏರುತ್ತದೆ.

ಮುಂಗೈಯಲ್ಲಿ ಎರಡು ಉದ್ದ ಮೂಳೆಗಳ ನಡುವೆ ಒಂದು ತೆಳುಪೊರೆ ಇದೆ. ಆರೋಗ್ಯವಂತರ ಎಕ್ಸ್‌ರೇಯಲ್ಲಿ ಅದು ಕಾಣುವುದೇ ಇಲ್ಲ, ಏಕೆಂದರೆ ಅದರಲ್ಲಿ ಕಿರಣವನ್ನು ತಡೆಯುವಷ್ಟು ಕ್ಯಾಲ್ಸಿಯಂ ಇರುವುದಿಲ್ಲ. ಫ್ಲೋರೈಡಿನಿಂದಾಗುವ ಈ ಕಾಯಿಲೆ, ಅಂದರೆ ಫ್ಲೋರೋಸಿಸ್, ಬಲಿತವರಲ್ಲಿ ಆ ಪೊರೆಗೂ ಸುಣ್ಣ ಕಟ್ಟಿ, ಮೂಳೆಯ ಒಳ ಅಂಚಿನಿಂದ ಮುಳ್ಳಿನಂತಹ ಬಿಳಿ ಗೆರೆಗಳು ಹೊರಚಾಚುತ್ತವೆ. ಅಂದು ಬೆಂಚಿನ ಮೇಲಿದ್ದ ಹಿರಿಯರು ತಮ್ಮ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಾಗ ನಾನು ಮೊಣಕೈಯನ್ನು ಬಿಟ್ಟು ಆ ಎರಡು ಮೂಳೆಗಳ ನಡುವಿನ ಜಾಗವನ್ನೇ ನೋಡಿದೆ. ಅಂಚಿನಲ್ಲಿ ಗೆರೆಗಳಿದ್ದಂತೆ ಕಂಡಿತು. ನಾನು ವೈದ್ಯನಲ್ಲ. ಆದ್ದರಿಂದ ಅದನ್ನು ವೈದ್ಯರಿಗೆ ತೋರಿಸುವಾಗ, ಎಷ್ಟು ವರ್ಷದಿಂದ ಯಾವ ಕೊಳವೆಬಾವಿಯ ನೀರು ಕುಡಿಯುತ್ತಿದ್ದೀರಿ ಎಂಬುದನ್ನೂ ತಪ್ಪದೆ ಹೇಳಿ ಎಂದಷ್ಟೇ ಹೇಳಿ, ಮೊಮ್ಮಗನ ಹಲ್ಲಿನ ಮೇಲೆ ಫ್ಲೋರೈಡಿನ ಗುರುತಾದ ಕಂದು ಕಲೆಗಳೇನಾದರೂ ಇವೆಯೇ ಎಂದು ಕೇಳಿದೆ.