ಓದುಗರ ಪ್ರಶ್ನೆ: ಡಸ್ಟ್ ಕಲೆಕ್ಟರ್ ಹಾಕಿದ್ಮೇಲೂ ವರ್ಕ್‌ಶಾಪ್ ತುಂಬಾ ಧೂಳು, ಯಾಕೆ?

ಪ್ರಶ್ನೆ: "ಚಿಕ್ಕ ಮರಗೆಲಸದ ಶೆಡ್ ಇದೆ. ಟೇಬಲ್ ಸಾ, ಥಿಕ್‌ನೆಸ್ ಪ್ಲೇನರ್, ಮೈಟರ್ ಸಾ, ಸ್ಯಾಂಡರ್ ಇಟ್ಕೊಂಡಿದೀನಿ. ಒಂದೂವರೆ ಎಚ್‌ಪಿ ಡಸ್ಟ್ ಕಲೆಕ್ಟರ್ ತಗೊಂಡು 4 ಇಂಚು ಪಿವಿಸಿ ಪೈಪ್ ಎಳೆದಿದೀನಿ. ಬ್ಯಾಗ್ ಚೆನ್ನಾಗೇ ತುಂಬುತ್ತೆ, ಆದ್ರೆ ಸಂಜೆ ಹೊತ್ತಿಗೆ ಎಲ್ಲಾದ್ರ ಮೇಲೂ ಪೌಡರ್ ಥರ ಧೂಳು ಕೂತಿರುತ್ತೆ, ಮೂಗೂ ಕಟ್ಟುತ್ತೆ. ದೊಡ್ಡ ಮೋಟಾರ್ ತಗೋಬೇಕಾ?"

ಈಗ್ಲೇ ತಗೋಬೇಡಿ. ಮೊದಲು ನಿಮ್ಮ ಬ್ಯಾಗ್ ಎಷ್ಟು ಮೈಕ್ರಾನ್‌ದು, ಅಂದ್ರೆ ಎಷ್ಟು ಸಣ್ಣ ಪುಡಿವರೆಗೂ ಹಿಡಿಯುತ್ತೆ ಅಂತ ನೋಡಿ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ), ಯಾಕಂದ್ರೆ ಬ್ಯಾಗ್ ತುಂಬ್ತಾ ಇದೆ ಅಂದ್ರೆ ಕೆಲ್ಸ ಆಗ್ತಿದೆ ಅಂತ ಎಲ್ರೂ ಅಂದ್ಕೋತೀವಿ, ಆದ್ರೆ ಬ್ಯಾಗಲ್ಲಿ ಉಳಿದಿದ್ದು ನಮಗೆ ತೊಂದ್ರೆ ಕೊಡೋ ಧೂಳಲ್ಲ, ಅದ್ರ ಬಟ್ಟೆ ದಾಟಿ ಹೊರಗೆ ಬಂದಿದ್ದೇ ತೊಂದ್ರೆ ಕೊಡೋದು. ಕಮ್ಮಿ ಬೆಲೆ ಕಲೆಕ್ಟರ್ ಜೊತೆ ಬರೋ ಬಟ್ಟೆ ಬ್ಯಾಗ್ ಎಷ್ಟೋ ಸಲ 30 ಮೈಕ್ರಾನ್‌ದಾಗಿರುತ್ತೆ. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ, ಶ್ವಾಸಕೋಶದ ಒಳಗೆ ಹೋಗಿ ಕೂರೋ ಪುಡಿ 10 ಮೈಕ್ರಾನ್‌ಗಿಂತ ಸಣ್ಣದು. ಅಂದ್ರೆ ಆ ಬ್ಯಾಗು ಸಿಪ್ಪೆ, ಹೊಟ್ಟು ಎಲ್ಲಾ ನೀಟಾಗಿ ಹಿಡಿದಿಟ್ಕೊಂಡು, ಅತಿ ಸಣ್ಣ ಪುಡೀನ ಮಾತ್ರ ಜೋರಾಗಿ ಶೆಡ್ ತುಂಬಾ ಊದ್ತಾ ಇರುತ್ತೆ. ಕಲೆಕ್ಟರ್ ಇಲ್ದಿದ್ರೆ ಆ ಪುಡಿ ಮಷೀನ್ ಹತ್ರನೇ ಒಂದಷ್ಟು ಬೀಳ್ತಿತ್ತೇನೋ, ಈಗ ಎಲ್ಲಾ ಮೂಲೆಗೂ ಹೋಗುತ್ತೆ.

ನಿಮ್ಮದೂ ಹೀಗೇನಾ ಅಂತ ನೋಡೋಕೆ ರಾತ್ರಿ ಲೈಟೆಲ್ಲಾ ಆರಿಸಿ, ಒಂದು ಒಳ್ಳೆ ಟಾರ್ಚ್‌ನ ಬ್ಯಾಗಿನ ಪಕ್ಕಕ್ಕೆ ಅಡ್ಡ ಹಿಡಿದು ಕಲೆಕ್ಟರ್ ಆನ್ ಮಾಡಿ. ಆನ್ ಆದ ಕ್ಷಣಕ್ಕೆ ಬ್ಯಾಗು ಉಬ್ಬುತ್ತಲ್ಲ, ಆಗ ಬಟ್ಟೆಯಿಂದ ತೆಳ್ಳಗೆ ಹೊಗೆ ಥರ ಏನಾದ್ರೂ ಏಳುತ್ತಾ, ಹೊಲಿಗೆ ಹತ್ರ, ಬೆಲ್ಟ್ ಕಟ್ಟಿರೋ ರಿಂಗ್ ಹತ್ರ ಬೆಳಕಲ್ಲಿ ಮಿಂಚ್ತಾ ಏನಾದ್ರೂ ಹೊರಗೆ ಬರುತ್ತಾ ನೋಡಿ. ಹಗಲಲ್ಲಿ ಏನೂ ಕಾಣ್ಸಲ್ಲ, ಟಾರ್ಚ್ ಬೆಳಕಲ್ಲಿ ಕಾಣುತ್ತೆ. ಕಂಡ್ರೆ 1 ಮೈಕ್ರಾನ್ ಬ್ಯಾಗ್ ಅಥ್ವಾ ಮಡಿಕೆ ಮಡಿಕೆಯಾಗಿರೋ ಕ್ಯಾನಿಸ್ಟರ್ ಫಿಲ್ಟರ್ ಹಾಕ್ಸಿ. ಕ್ಯಾನಿಸ್ಟರ್‌ನಲ್ಲಿ ಫಿಲ್ಟರ್‌ನ ವಿಸ್ತೀರ್ಣ ಜಾಸ್ತಿ ಇರೋದ್ರಿಂದ ಗಾಳಿ ಸಲೀಸಾಗಿ ಹೋಗುತ್ತೆ, ಎಳೆತಾನೂ ಉಳಿಯುತ್ತೆ. ನನ್ನ ಪ್ರಕಾರ ಕಲೆಕ್ಟರ್‌ಗೆ ಹಾಕೋ ದುಡ್ಡಲ್ಲಿ ಮೊದಲನೇ ಪಾಲು ಫಿಲ್ಟರ್‌ಗೇ ಹೋಗ್ಬೇಕು.

ಇದ್ರ ಬಗ್ಗೆ ಇಷ್ಟು ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ. ಮರದ ಧೂಳನ್ನ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ಖಚಿತವಾದ ಒಂದನೇ ಗುಂಪಿಗೆ ಸೇರ್ಸಿದೆ, ಮುಖ್ಯವಾಗಿ ಮೂಗು ಮತ್ತೆ ಅದ್ರ ಸುತ್ತಲಿನ ಸೈನಸ್‌ಗಳ ಕ್ಯಾನ್ಸರ್. ಅದಲ್ದೆ ಅಸ್ತಮಾ, ಚರ್ಮದ ಅಲರ್ಜಿ. ತೇಗ, ಬೀಟೆ ಮರದ ಪುಡಿಗೇ ಕೆಲವ್ರಿಗೆ ಮೈ ಕೆರೆತ ಶುರುವಾಗುತ್ತೆ. ಎಂಡಿಎಫ್ (ಮರದ ನಾರಿಗೆ ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಕುಯ್ದ್ರೆ ಬರೋ ಪುಡಿ ಇನ್ನೂ ಸಣ್ಣದು, ಜೊತೆಗೆ ಅಂಟಿನ ಪುಡೀನೂ ಸೇರಿರುತ್ತೆ. ಮೂಗು ಕಟ್ಟುತ್ತೆ ಅಂತ ನೀವು ಹೇಳಿದ್ದನ್ನ ಹಾಗೇ ಬಿಡ್ಬೇಡಿ, ಬಹಳ ದಿನದಿಂದ ಇದ್ರೆ ಡಾಕ್ಟರ್‌ಗೆ ತೋರ್ಸಿ, ಮರಗೆಲಸ ಮಾಡ್ತೀನಿ ಅಂತ ನೀವಾಗೇ ಅವ್ರಿಗೆ ಹೇಳಿ.

ಇನ್ನು ಪೈಪು. ಡಸ್ಟ್ ಕಲೆಕ್ಟರ್ ಅನ್ನೋದು ವ್ಯಾಕ್ಯೂಮ್ ಕ್ಲೀನರ್ ಥರ ಅಲ್ಲ. ವ್ಯಾಕ್ಯೂಮ್ ಕ್ಲೀನರ್ ಕಮ್ಮಿ ಗಾಳೀನ ಬಲವಾಗಿ ಎಳೆಯುತ್ತೆ, ಅದಕ್ಕೇ ಸಣ್ಣ ಹೋಸ್ ಸಾಕು, ಕೈಯಲ್ಲಿ ಹಿಡಿಯೋ ಸ್ಯಾಂಡರ್‌ಗೆ ಅದೇ ಸರಿ. ಕಲೆಕ್ಟರ್ ಗಾಳೀನ ತುಂಬಾ ಜಾಸ್ತಿ ಎಳೆಯುತ್ತೆ ಆದ್ರೆ ಬಲ ಕಮ್ಮಿ, ದಾರೀಲಿ ಸ್ವಲ್ಪ ಅಡ್ಡಿ ಬಂದ್ರೂ ಸೋತು ಹೋಗುತ್ತೆ. ಪೈಪಲ್ಲಿ ಪುಡಿ ಕೆಳಗೆ ಕೂರದೆ ಹೋಗ್ಬೇಕಂದ್ರೆ ಗಾಳಿ ನಿಮಿಷಕ್ಕೆ 4000 ಅಡಿ ವೇಗದಲ್ಲಿ, ಅಂದ್ರೆ ಸೆಕೆಂಡಿಗೆ 20 ಮೀಟರ್ ಹತ್ರ ಓಡ್ಬೇಕು. ಆ ವೇಗದಲ್ಲಿ 4 ಇಂಚು ಪೈಪಲ್ಲಿ ಹೋಗೋದು ಸುಮಾರು 350 ಸಿಎಫ್‌ಎಂ (ಅಂದ್ರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ) ಮಾತ್ರ, 5 ಇಂಚಲ್ಲಿ 550ರ ಹತ್ರ, 6 ಇಂಚಲ್ಲಿ 800ರ ಹತ್ರ. ಸಿಪ್ಪೆ ಎಳೆಯೋಕೆ 350 ಸಾಕು, ಸಣ್ಣ ಪುಡಿ ಹಿಡಿಯೋಕೆ ಸಾಲಲ್ಲ. ನೀವು 3 ಎಚ್‌ಪಿ ತಂದು ಇದೇ 4 ಇಂಚು ಪೈಪಿಗೆ ಹಾಕಿದ್ರೆ ಕರೆಂಟ್ ಬಿಲ್ಲು ಮತ್ತೆ ಸೌಂಡ್ ಜಾಸ್ತಿ ಆಗುತ್ತೆ, ಗಾಳಿ ಅಷ್ಟೇನೂ ಹೆಚ್ಚಲ್ಲ. ಅದೂ ಅಲ್ದೆ ಡಬ್ಬದ ಮೇಲೆ ಬರೆದಿರೋ ಸಿಎಫ್‌ಎಂ ಎಷ್ಟೋ ಸಲ ಪೈಪು, ಫಿಲ್ಟರ್ ಏನೂ ಇಲ್ದೆ ಅಳೆದಿದ್ದು, ಅದನ್ನ ನಂಬಿ ಲೆಕ್ಕ ಹಾಕ್ಬೇಡಿ.

ಒಂದೂವರೆ ಎಚ್‌ಪಿಗೆ ಮೇನ್ ಲೈನು 5 ಇಂಚು ಮಾಡಿ ಅನ್ನೋದು ನನ್ನ ಸಲಹೆ. ಸುಮ್ನೆ 6 ಇಂಚು ಹಾಕಿ ಕೊನೇಲಿ 4 ಇಂಚಿನ ಬಾಯಿ ಬಿಟ್ರೆ, ದೊಡ್ಡ ಪೈಪಲ್ಲಿ ಗಾಳಿ ನಿಧಾನ ಆಗಿ ಸಿಪ್ಪೆ ಅಲ್ಲೇ ಕೂತು ಕಟ್ಟಿಕೊಳ್ಳುತ್ತೆ. ರಬ್ಬರ್ ಥರ ಬಗ್ಗೋ ಫ್ಲೆಕ್ಸಿಬಲ್ ಹೋಸ್ ನೋಡೋಕೆ ಅನುಕೂಲ, ಆದ್ರೆ ಒಳಗಿನ ಏರುತಗ್ಗು ಗಾಳೀನ ಸಾದಾ ಪೈಪಿಗಿಂತ ತುಂಬಾ ಜಾಸ್ತಿ ತಡೆಯುತ್ತೆ, ಹಾಗಾಗಿ ಮಷೀನ್‌ಗೆ ಸೇರ್ಸೋ ಕಡೆ ಎರಡು ಮೂರು ಅಡಿ ಸಾಕು. ತಿರುವಲ್ಲಿ 90 ಡಿಗ್ರಿ ಎಲ್ಬೋ ಬದ್ಲು ಎರಡು 45 ಹಾಕಿ, ಕವಲಿಗೆ ಟೀ ಬದ್ಲು ವೈ ಹಾಕಿ. ಪ್ರತಿ ಮಷೀನ್‌ಗೂ ಒಂದು ಬ್ಲಾಸ್ಟ್ ಗೇಟ್ (ಪೈಪಿನ ದಾರಿ ತೆಗೆದು ಮುಚ್ಚೋ ಬಾಗಿಲು) ಇರ್ಲಿ, ಕೆಲ್ಸ ಮಾಡ್ತಿರೋ ಮಷೀನಿಂದು ಮಾತ್ರ ತೆಗೀರಿ. ಎಲ್ಲಾ ತೆಗೆದಿಟ್ರೆ ಗಾಳಿ ಹಂಚಿಹೋಗಿ ಯಾವ ಮಷೀನ್‌ಗೂ ಸಾಲಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯೋದು ಮಷೀನ್ ಹತ್ರ ಪೈಪಿನ ಬಾಯಿ ಎಲ್ಲಿ ಇರ್ಬೇಕು ಅನ್ನೋದನ್ನ. ದೀಪಾನ ಒಂದಡಿ ದೂರದಿಂದ ಊದಿ ಆರಿಸ್ಬಹುದು, ಉಸಿರು ಒಳಗೆ ಎಳ್ಕೊಂಡು ಆರಿಸೋಕಾಗುತ್ತಾ? ಪೈಪಿನ ಎಳೆತಾನೂ ಅಷ್ಟೇ, ಪೈಪಿನ ಅಗಲದಷ್ಟು ದೂರ ಹೋದ್ರೆ ಸಾಕು, ಬಾಯಲ್ಲಿದ್ದ ವೇಗದ ಹತ್ತನೇ ಒಂದು ಭಾಗಾನೂ ಉಳಿದಿರಲ್ಲ. 4 ಇಂಚಿನ ಪೈಪು ಬ್ಲೇಡಿಂದ ಒಂದಡಿ ದೂರ ಇದ್ರೆ ಅದು ಇದ್ದೂ ಇಲ್ಲದ ಹಾಗೆ. ಟೇಬಲ್ ಸಾ ನೋಡಿ, ಕೆಳಗಡೆ ಪೆಟ್ಟಿಗೆಯಿಂದ ಎಳೆದ್ರೂ ಬ್ಲೇಡಿನ ಹಲ್ಲು ಮರದಿಂದ ಹೊರಗೆ ಬರೋ ಜಾಗದಲ್ಲಿ ಮೇಲಕ್ಕೆ ಪುಡಿ ಚಿಮ್ಮುತ್ತಲ್ಲ, ನಿಮ್ಮ ಮುಖಕ್ಕೆ ಬರೋದು ಅದೇ, ಅದಕ್ಕೆ ಬ್ಲೇಡ್ ಗಾರ್ಡ್ ಮೇಲೆ ಇನ್ನೊಂದು ಸಣ್ಣ ಹೋಸ್ ಬೇಕು. ಮೈಟರ್ ಸಾಗೆ ಹಿಂದೆ ಮತ್ತೆ ಎರಡೂ ಪಕ್ಕ ಮುಚ್ಚಿರೋ ಗೂಡಿನ ಥರ ಪ್ಲೈವುಡ್‌ನಲ್ಲಿ ಮಾಡಿ ಅದ್ರ ಹಿಂಬದಿಗೆ ಪೈಪ್ ಕೊಡಿ. ಪ್ಲೇನರ್ ವಿಷಯದಲ್ಲಿ ಅಷ್ಟು ಕಷ್ಟ ಇಲ್ಲ, ಬರೋದು ದಪ್ಪ ಸಿಪ್ಪೆ, ಬ್ಯಾಗ್ ಬೇಗ ತುಂಬುತ್ತೆ ಅಷ್ಟೇ.

ಸೇಫ್ಟಿ ವಿಷಯದಲ್ಲಿ ಮೊದಲು ಕೇಳೋದು ಪಿವಿಸಿ ಪೈಪಲ್ಲಿ ಸ್ಟ್ಯಾಟಿಕ್ (ಪುಡಿ ಉಜ್ಜಿ ಬರೋ ವಿದ್ಯುತ್) ಹುಟ್ಟಿ ಬ್ಲಾಸ್ಟ್ ಆಗುತ್ತಾ ಅಂತ. ಮರದ ಪುಡಿ ಸ್ಫೋಟ ಆಗೋಕೆ ಒಂದು ಘನ ಮೀಟರ್ ಗಾಳೀಲಿ ಹತ್ತಾರು ಗ್ರಾಂ ಸಣ್ಣ ಪುಡಿ ಇರ್ಬೇಕು, ಅಂದ್ರೆ ಎದುರಿಗಿರೋದೂ ಕಾಣದಷ್ಟು ದಟ್ಟ. ಚಿಕ್ಕ ಶೆಡ್ಡಿನ ಪೈಪಲ್ಲಿ ಮಾಮೂಲಿ ಕೆಲ್ಸ ಮಾಡುವಾಗ ಅಷ್ಟು ಆಗೋದು ಅಪರೂಪ. ದೊಡ್ಡ ಕಾರ್ಖಾನೆ ವಿಷಯ ಬೇರೆ, ಅಲ್ಲಿ ಕಲೆಕ್ಟರ್ ಸ್ಫೋಟ ನಿಜವಾದ ಅಪಾಯ. ಪಿವಿಸಿ ವಿದ್ಯುತ್ ವಾಹಕ ಅಲ್ಲ, ಅದ್ರ ಮೇಲೆ ತಂತಿ ಸುತ್ತಿದ್ರೆ ಕೈಗೆ ಚುರ್ ಅನ್ನೋದು ಕಮ್ಮಿ ಆಗ್ಬಹುದು, ಪೂರ್ತಿ ಅರ್ಥಿಂಗ್ ಆಗಲ್ಲ. ಹೊಸದಾಗಿ ಹಾಕೋರಾದ್ರೆ ತಗಡಿನ ಪೈಪೇ ಹಾಕಿ, ತುಂಡು ತುಂಡಿಗೂ ಕನೆಕ್ಷನ್ ಕೊಟ್ಟು ಅರ್ಥ್ ಮಾಡಿ. ಹೋಸಿನ ಒಳಗಿರೋ ಸ್ಪ್ರಿಂಗ್ ತಂತಿ ತುದಿ ಬಿಚ್ಚಿ ಮಷೀನಿನ ಕಬ್ಬಿಣಕ್ಕೆ ಸ್ಕ್ರೂ ಹಾಕಿ ಸೇರ್ಸಿ.

ನನಗೆ ಹೆಚ್ಚು ಭಯ ಇರೋದು ಕಿಡಿ ಬಗ್ಗೆ. ಗ್ರೈಂಡರಲ್ಲಿ ಕಬ್ಬಿಣ ಉಜ್ಜುವಾಗ ಈ ಕಲೆಕ್ಟರ್ ಆನ್ ಮಾಡ್ಲೇಬೇಡಿ, ಆ ಕಿಡಿ ನೇರ ಹೊಟ್ಟಿನ ಚೀಲಕ್ಕೆ ಹೋಗುತ್ತೆ. ನೆಲ ಗುಡಿಸಿದ ಕಸದಲ್ಲಿ ಮೊಳೆ, ಸ್ಕ್ರೂ ಇದ್ರೆ ಅದು ಒಳಗೆ ತಿರುಗೋ ಕಬ್ಬಿಣದ ಫ್ಯಾನಿಗೆ ಬಡಿದ್ರೂ ಕಿಡಿನೇ, ಅದಕ್ಕೆ ಫ್ಯಾನಿಗೆ ಮುಂಚೆ ಸೈಕ್ಲೋನ್ (ಗಾಳೀನ ಸುತ್ತಿಸಿ ಭಾರದ್ದನ್ನ ಕೆಳಗೆ ಬೀಳ್ಸೋ ಡಬ್ಬ) ಅಥ್ವಾ ಒಂದು ಡ್ರಮ್ ಇಟ್ರೆ ಭಾರದ ವಸ್ತು ಅಲ್ಲೇ ಬಿದ್ದುಹೋಗುತ್ತೆ, ಫಿಲ್ಟರೂ ಬೇಗ ಕಟ್ಟಲ್ಲ. ಮೊಂಡು ಬ್ಲೇಡಿಂದ ಮರ ಸುಟ್ಟ ವಾಸನೆ ಬಂದ ದಿನ ಚೀಲ ಖಾಲಿ ಮಾಡ್ದೆ ಮನೆಗೆ ಹೋಗ್ಬೇಡಿ, ಹೊಟ್ಟಿನೊಳಗೆ ಕೆಂಡ ಗಂಟೆಗಟ್ಲೆ ಹೊಗೆ ಇಲ್ದೆ ಕೂತು ಆಮೇಲೆ ಹೊತ್ತಿಕೊಳ್ಳುತ್ತೆ. ಲಿನ್ಸೀಡ್ ಆಯಿಲ್ ಒರೆಸಿದ ಬಟ್ಟೇನ ಆ ಡ್ರಮ್ಮಿಗೆ ಹಾಕೋದೂ ಬೇಡ, ಅದು ತಾನಾಗೇ ಬಿಸಿಯಾಗಿ ಬೆಂಕಿ ಹತ್ತುತ್ತೆ.

ಕರೆಂಟ್ ಕಡೆ, ಕಲೆಕ್ಟರ್‌ಗೆ ಬೇರೆ ಲೈನ್ ಕೊಡಿ, ಸ್ಟಾರ್ಟ್ ಆಗುವಾಗ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತೆ, ಸಾ ಜೊತೆ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿದ್ರೆ ವೈರು ಬಿಸಿಯಾಗುತ್ತೆ. ಇನ್ನೊಂದು ವಿಷಯ, ಪೈಪು ಕಟ್ಟಿಕೊಂಡ್ರೆ ಮೋಟಾರ್ ಮೇಲೆ ಲೋಡ್ ಬೀಳುತ್ತೆ ಅಂತ ಎಲ್ರೂ ಹೇಳ್ತಾರೆ, ಈ ಥರದ ಫ್ಯಾನಲ್ಲಿ ಅದು ಉಲ್ಟಾ. ಗಾಳಿ ಹೆಚ್ಚು ಹೋದಷ್ಟೂ ಲೋಡ್ ಹೆಚ್ಚು, ಹಾಗಾಗಿ ಪೈಪು, ಬ್ಯಾಗು ಎರಡೂ ಬಿಚ್ಚಿಟ್ಟು ಸುಮ್ನೆ ಓಡ್ಸಿದ್ರೆ ಮೋಟಾರ್ ಸುಡೋ ಸಾಧ್ಯತೆ ಇದೆ. ಒಳಗೆ ಸಿಕ್ಕಿಕೊಂಡ ಸಿಪ್ಪೆ ತೆಗೆಯೋಕೆ ಮುಂಚೆ ಪ್ಲಗ್ ಕಿತ್ತು, ಫ್ಯಾನ್ ಪೂರ್ತಿ ನಿಂತ್ಮೇಲೆ ಕೈ ಹಾಕಿ. ಆಫ್ ಮಾಡಿದ್ಮೇಲೂ ಅದು ಸುಮಾರು ಹೊತ್ತು ತಿರುಗ್ತಾನೇ ಇರುತ್ತೆ.

ಕಲೆಕ್ಟರ್ ಇದೆ ಅಂತ ಮಾಸ್ಕ್ ಬಿಡ್ಬೇಡಿ. ಗಾಳಿ ಅಲುಗದೆ ಇರೋ ರೂಮಲ್ಲಿ 10 ಮೈಕ್ರಾನ್ ಕಣ ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬರೋಕೆ ಎಂಟು ಹತ್ತು ನಿಮಿಷ ಬೇಕು, 1 ಮೈಕ್ರಾನ್ ಕಣಕ್ಕೆ ಸುಮಾರು ಅರ್ಧ ದಿನ. ಕಟಿಂಗ್ ಮುಗೀತು ಅಂತ ತಕ್ಷಣ ಮಾಸ್ಕ್ ತೆಗೆದು ಟೀ ಕುಡಿಯೋಕೆ ಅಲ್ಲೇ ಕೂರೋರೇ ಜಾಸ್ತಿ, ಅದೇ ಹೊತ್ತಲ್ಲಿ ಗಾಳೀಲಿ ಸಣ್ಣ ಪುಡಿ ತುಂಬಿರೋದು. ಕಲೆಕ್ಟರ್ ಇನ್ನೊಂದು ಹತ್ತು ನಿಮಿಷ ಓಡ್ಲಿ, ಕಿಟಕಿ ತೆಗೆದು ಹೊರಗೆ ಹೋಗಿ ಕೂತ್ಕೊಳ್ಳಿ. ಎನ್95 ಅಥ್ವಾ ಅದಕ್ಕಿಂತ ಮೇಲಿನ ಮಾಸ್ಕು, ಮೂಗಿನ ಪಕ್ಕ ಸಂದಿ ಇಲ್ದಂಗೆ ಕೂರ್ಬೇಕು. ಗಡ್ಡ ಇದ್ರೆ ಸರಿಯಾಗಿ ಕೂರಲ್ಲ. ಪೊರಕೇಲಿ ಒಣಗುಡಿಸೋದು ಬಿಟ್ಟು ಹೆಪಾ ಫಿಲ್ಟರ್ (ಅತಿ ಸಣ್ಣ ಪುಡೀನೂ ಹಿಡಿಯೋ ಫಿಲ್ಟರ್) ಇರೋ ವ್ಯಾಕ್ಯೂಮ್ ಬಳಸಿ, ಇಲ್ದಿದ್ರೆ ಕೂತ ಪುಡಿ ಮತ್ತೆ ಎದ್ದು ಗಾಳಿ ಸೇರುತ್ತೆ. ಒಂದಿನದಲ್ಲಿ ಅತಿ ಹೆಚ್ಚು ಧೂಳು ಕುಡಿಯೋದು ಚೀಲ ಖಾಲಿ ಮಾಡುವಾಗ ಮತ್ತೆ ಫಿಲ್ಟರ್ ಬಡಿಯುವಾಗ, ಅದೆರಡನ್ನೂ ಶೆಡ್ಡಿನ ಹೊರಗೆ, ಗಾಳಿ ಬೀಸಿ ಬರ್ತಿರೋ ದಿಕ್ಕಿಗೆ ಬೆನ್ನು ಮಾಡಿ ನಿಂತು, ಮಾಸ್ಕ್ ಹಾಕ್ಕೊಂಡೇ ಮಾಡಿ.